ಗ್ರೈಂಡರ್‌ನಿಂದ ಬರುವ ಕಾಫಿ ಪುಡಿಗೆ ಕಮಟು ವಾಸನೆ, ಏನು ಮಾಡಲಿ?

ಲೋಟತುಂಬ, ಮೈಸೂರು:
ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ ಒಂದು ಕರೆಂಟ್ ಕಾಫಿ ಗ್ರೈಂಡರ್ ತಗೊಂಡೆವು. ಬ್ಲೇಡಿನದಲ್ಲ, ಬರ್ ಇರುವುದು. ಮನೆಯಲ್ಲಿ ಕಾಫಿ ಕುಡಿಯುವವರು ಮೂರು ಜನ, ನಾನು, ನಮ್ಮ ಯಜಮಾನರು, ಮಾವ. ದಿನಕ್ಕೆ ಎರಡು ಸಲ ಡಿಕಾಕ್ಷನ್ ಹಾಕುತ್ತೇನೆ. ಬೀಜ ಮೊದಲಿಂದಲೂ ಒಂದೇ ಅಂಗಡಿಯದು. ಪೀಬೆರಿ, ಪ್ಲಾಂಟೇಶನ್ ಎ ಅನ್ನುವ ಎರಡು ಬಗೆ ಅರ್ಧ ಅರ್ಧ, ಸ್ವಲ್ಪ ಕಪ್ಪಗೆ ಹುರಿಸಿಕೊಳ್ಳುತ್ತೇವೆ.

ಮೊದಲ ನಾಲ್ಕೈದು ತಿಂಗಳು ಪುಡಿ ಮಾಡುವಾಗ ಮನೆಯೆಲ್ಲ ಘಮಘಮ ಅನ್ನುತ್ತಿತ್ತು. ಈಗೀಗ ಏನೋ ಕಮಟು. ಕರಿದ ಎಣ್ಣೆಯನ್ನು ಬಾಣಲೆಯಲ್ಲೇ ಬಿಟ್ಟು ಎರಡು ದಿನ ಆದ ಮೇಲೆ ಒಂದು ವಾಸನೆ ಬರುತ್ತದಲ್ಲ, ಆ ಥರ. ಹಾಲು ಹಾಕಿದ ಮೇಲೂ ಗೊತ್ತಾಗುತ್ತದೆ. ಮಾವ ಬಾಯಿಬಿಟ್ಟು ಏನೂ ಹೇಳುವವರಲ್ಲ, ಆದರೆ ಮೊನ್ನೆ ಅರ್ಧ ಲೋಟ ಹಾಗೇ ಬಿಟ್ಟು ಎದ್ದರು. ತುಂಬ ಬೇಜಾರಾಯಿತು.

ಅಂಗಡಿಯವರನ್ನು ಕೇಳಿದರೆ ಬೀಜ ಹೊಸದೇ ಅಂದರು. ಅದೇ ಬೀಜವನ್ನು ಪಕ್ಕದ ಮನೆಯವರ ಮಿಕ್ಸಿಯಲ್ಲಿ ಪುಡಿ ಮಾಡಿ ನೋಡಿದೆ, ಅದರಲ್ಲಿ ವಾಸನೆ ಇಲ್ಲ. ಹಾಗಾದರೆ ತೊಂದರೆ ಗ್ರೈಂಡರಿನಲ್ಲೇ ಇದೆ ಅಲ್ವಾ? ಇದುವರೆಗೆ ಹೊರಗಡೆ ಒರೆಸಿದ್ದು ಬಿಟ್ಟರೆ ಬಿಚ್ಚಿ ಏನೂ ಮಾಡಿಲ್ಲ. ನೀರಿನಲ್ಲಿ ತೊಳೆಯಬಹುದಾ? ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸು, ಸರಿಹೋಗುತ್ತದೆ ಅಂತ ನಮ್ಮ ಓರಗಿತ್ತಿ ಹೇಳುತ್ತಾಳೆ. ಗೊತ್ತಿರುವವರು ದಯವಿಟ್ಟು ಹೇಳಿ.

ಅಜ್ಜಿಮನೆ, ಸಾಗರ:
ಅಕ್ಕಿ ಹಾಕಿ ತಂಗಿ. ನಾನು ಹದಿನೈದು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿದರೆ ಎಣ್ಣೆ ಜಿಡ್ಡೆಲ್ಲ ಹಿಟ್ಟಿಗೆ ಹಿಡಿದುಕೊಂಡು ಬರುತ್ತದೆ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿಬಿಡಿ.

ಮಿಕ್ಸಿ ರಿಪೇರಿ, ದಾವಣಗೆರೆ:
ಅಕ್ಕಿ ಹಾಕಬೇಡಿ ಮೇಡಂ. ಸಾಗರದ ಅಮ್ಮ ಹೇಳಿದ್ದು ತಪ್ಪಲ್ಲ, ಆದರೆ ಅವರದು ಬ್ಲೇಡ್ ಗ್ರೈಂಡರ್ ಇರಬೇಕು. ನಿಮ್ಮದು ಬರ್. ಎರಡೂ ಕೆಲಸ ಮಾಡುವ ರೀತಿಯೇ ಬೇರೆ.

ಬ್ಲೇಡ್ ಅಂದರೆ ಕೊಚ್ಚುವುದು. ಬರ್ ಅಂದರೆ ಬೀಸುವುದು. ಅಜ್ಜಿಯರ ಕಾಲದ ಬೀಸುಕಲ್ಲನ್ನು ನೆನಪು ಮಾಡಿಕೊಳ್ಳಿ, ಒಂದು ಕಲ್ಲು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ, ಮಧ್ಯದ ಸಂದಿ ಎಷ್ಟಿದೆಯೋ ಅಷ್ಟು ನುಣ್ಣಗೆ ಹಿಟ್ಟು ಬರುತ್ತದೆ. ಬರ್ ಗ್ರೈಂಡರಿನ ಒಳಗೂ ಅದೇ, ಕಲ್ಲಿನ ಬದಲು ಹಲ್ಲು ಇರುವ ಎರಡು ಉಕ್ಕಿನ ತುಂಡು. ಹುರಿದ ಕಾಫಿ ಬೀಜ ಬೆರಳಲ್ಲಿ ಒತ್ತಿದರೆ ಪಟ್ ಅಂತ ಒಡೆಯುತ್ತದೆ. ಹಸಿ ಅಕ್ಕಿ ಹಾಗಲ್ಲ, ಗಟ್ಟಿ. ಮನೆ ಗ್ರೈಂಡರಿನ ಸಣ್ಣ ಮೋಟರ್ ಅದನ್ನು ಬೀಸಲು ಒದ್ದಾಡುತ್ತದೆ, ಬಿಸಿ ಆಗುತ್ತದೆ, ಕೆಲವು ಸಲ ನಿಂತೇ ಬಿಡುತ್ತದೆ. ಆ ಅಕ್ಕಿಹಿಟ್ಟು ಸಂದಿಯಲ್ಲಿ ಉಳಿದು ಹಳೆ ಎಣ್ಣೆಯ ಜೊತೆ ಅಂಟಾಗಿ ಕೂರುತ್ತದೆ. ಅಕ್ಕಿ ಹಾಕಿ ನಿಂತ ಗ್ರೈಂಡರನ್ನು ನನ್ನ ಬಳಿ ತಂದಿದ್ದಾರೆ. ಬಿಚ್ಚಿದಾಗ ಒಳಗೆ ಗೋಂದಿನ ಹಾಗೆ ಇತ್ತು.

ನೀರೂ ಬೇಡ. ಬರ್‌ಗೆ ನೀರು ಸೋಕಿಸಲೇಬೇಡಿ. ಬಿಚ್ಚಿ ಬ್ರಷ್ ಹಾಕಿ ಒಣದಾಗಿ ಉಜ್ಜಬೇಕು, ಅಷ್ಟೇ ಕೆಲಸ. ಕಷ್ಟ ಏನಿಲ್ಲ, ಅರ್ಧ ಗಂಟೆ ಹಿಡಿಯುತ್ತದೆ. ಹೇಗೆ ಅಂತ ಸಂಜೆ ಅಂಗಡಿ ಮುಚ್ಚಿದ ಮೇಲೆ ಬರೆಯುತ್ತೇನೆ.

ಅಜ್ಜಿಮನೆ, ಸಾಗರ:
ಹೌದು ತಮ್ಮಾ, ನನ್ನದು ಬ್ಲೇಡಿನದು. ಬರ್ ಅಂದರೆ ಬೀಸುಕಲ್ಲಿನ ಹಾಗೆ ಅಂತ ಈಗ ಗೊತ್ತಾಯಿತು. ನನ್ನ ತವರಿನಲ್ಲಿ ಮೇಜಿನ ಅಂಚಿಗೆ ಸಿಕ್ಕಿಸಿ ಕೈಯಲ್ಲಿ ತಿರುಗಿಸುವ ಮಿಷನ್ ಇತ್ತು. ಅದಕ್ಕೆ ನಮ್ಮಮ್ಮ ಅಕ್ಕಿ ಹಾಕಿದ್ದು ನೋಡಿಲ್ಲ, ಕೋಳಿ ಪುಕ್ಕದಿಂದ ಗುಡಿಸುತ್ತಿದ್ದರು. ಅದೂ ಬರ್ ಇರಬೇಕು ಹಾಗಾದರೆ.

ಮಿಕ್ಸಿ ರಿಪೇರಿ, ದಾವಣಗೆರೆ:
ಅದೇ ಅಮ್ಮ, ಅದೇ. ಕೈ ಬದಲು ಈಗ ಮೋಟರ್, ಅಷ್ಟೇ ವ್ಯತ್ಯಾಸ.

ತೋಟದಮನೆ, ಮೂಡಿಗೆರೆ:
ವಾಸನೆ ಯಾಕೆ ಬರುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ. ಕಾಫಿ ಬೀಜದಲ್ಲಿ ಎಣ್ಣೆ ಇರುತ್ತದೆ. ಅರೇಬಿಕಾದಲ್ಲಿ ಸುಮಾರು 15%, ರೋಬಸ್ಟಾದಲ್ಲಿ 10% ಹತ್ತಿರ. ಲೋಟತುಂಬ ಅವರು ಹೇಳಿದ ಪ್ಲಾಂಟೇಶನ್ ಎ ಅರೇಬಿಕಾ, ಎಣ್ಣೆ ಜಾಸ್ತಿ ಇರುವ ಜಾತಿ. ಕಪ್ಪಗೆ ಹುರಿದಷ್ಟೂ ಆ ಎಣ್ಣೆ ಒಳಗಿಂದ ಮೇಲಕ್ಕೆ ಬರುತ್ತದೆ. ಬೀಜ ಕೈಯಲ್ಲಿ ಹಿಡಿದರೆ ಹೊಳೆಯುತ್ತದಲ್ಲ, ಅದು ಎಣ್ಣೆಯೇ. ಗ್ರೈಂಡರಿನ ಗೋಡೆಗೆ, ಹಲ್ಲಿಗೆ, ಪುಡಿ ಬೀಳುವ ದಾರಿಗೆ ದಿನಾ ಸ್ವಲ್ಪ ಸ್ವಲ್ಪ ಮೆತ್ತುತ್ತದೆ. ಅದರ ಮೇಲೆ ನುಣ್ಣನೆ ಪುಡಿ ಕೂರುತ್ತದೆ. ಗಾಳಿ ತಾಗಿ ತಾಗಿ ಕಮಟು ಹಿಡಿಯುತ್ತದೆ. ಹೊಸ ಬೀಜ ಎಷ್ಟೇ ಒಳ್ಳೆಯದಿರಲಿ, ಆ ದಾರಿಯಲ್ಲೇ ಇಳಿದು ಬರಬೇಕು.

ಇದು ನಾನು ಬೆಳೆಗಾರನಾಗಿ ಮನಸ್ಸಿಗೆ ಹತ್ತಿಸಿಕೊಂಡು ಹೇಳುವ ಮಾತು. ನಾವು ಗಿಡಕ್ಕೆ ಒಂದು ವರ್ಷ ದುಡಿದು, ಹಣ್ಣು ಒಂದೊಂದೇ ಕೊಯ್ದು, ಕಣದಲ್ಲಿ ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿ ಒಣಗಿಸಿ ಕಳಿಸುತ್ತೇವೆ. ಕೊನೆಗೆ ಅಡುಗೆಮನೆಯಲ್ಲಿ ಒಂದು ಚಮಚ ಹಳೆ ಪುಡಿಯಿಂದ ಅದು ಕೆಡುತ್ತದೆ. ಜನ ಬೀಜ ಸರಿ ಇಲ್ಲ ಅಂತ ಅಂಗಡಿ ಬದಲಿಸುತ್ತಾರೆ. ನೀವು ಪಕ್ಕದ ಮನೆಯಲ್ಲಿ ಪುಡಿ ಮಾಡಿ ನೋಡಿದಿರಲ್ಲ, ಅದು ತುಂಬ ಒಳ್ಳೆಯ ಕೆಲಸ.

ಪುಡಿ ಅಂಗಡಿ, ಹಾಸನ:
ತೋಟದವರು ಹೇಳಿದ್ದು ನೂರಕ್ಕೆ ನೂರು ಸರಿ. ಮೇಡಂ, ನನ್ನದೊಂದು ಪ್ರಶ್ನೆ. ಚಿಕೋರಿ ಹಾಕುತ್ತೀರಾ? ಹಾಕುವುದಾದರೆ ಪುಡಿಯಾಗಿ ಆಮೇಲೆ ಬೆರೆಸುತ್ತೀರಾ, ಇಲ್ಲ ತುಂಡನ್ನೇ ಬೀಜದ ಜೊತೆ ಗ್ರೈಂಡರಿಗೆ ಹಾಕುತ್ತೀರಾ?

ಲೋಟತುಂಬ, ಮೈಸೂರು:
ಸರ್, ಮೊದಲು ಪುಡಿ ತರುತ್ತಿದ್ದೆವು. ಮೂರು ತಿಂಗಳ ಹಿಂದೆ ಯಜಮಾನರು ಹುರಿದ ಚಿಕೋರಿ ತುಂಡು ತಂದರು, ಸಣ್ಣ ಕಲ್ಲುಸಕ್ಕರೆ ಥರ ಇರುತ್ತದಲ್ಲ ಅದು. ಅಂದಿನಿಂದ ಬೀಜದ ಜೊತೆಗೇ ಹಾಕಿ ತಿರುಗಿಸುತ್ತಿದ್ದೇವೆ. ಅದರಿಂದಲೇ ಆಯಿತಾ?

ಪುಡಿ ಅಂಗಡಿ, ಹಾಸನ:
ಅರ್ಧ ಉತ್ತರ ಅಲ್ಲೇ ಇದೆ ಮೇಡಂ. ಚಿಕೋರಿ ಕಾಫಿಯ ಜಾತಿಯೇ ಅಲ್ಲ, ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ಹುರಿದಾಗ ಅದರೊಳಗಿನ ಸಿಹಿ ಅಂಶ ಕಂದಿ ಪಾಕದ ಥರ ಆಗುತ್ತದೆ. ಅದಕ್ಕೇ ಡಿಕಾಕ್ಷನ್‌ಗೆ ಆ ಬಣ್ಣ, ಆ ಮಂದ. ಆದರೆ ಅದು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಡಬ್ಬಿ ಮುಚ್ಚಳ ಸಡಿಲ ಇದ್ದರೆ ಚಿಕೋರಿ ಪುಡಿ ಎರಡೇ ದಿನಕ್ಕೆ ಬೆಲ್ಲದ ಹೆಂಟೆ ಆಗುತ್ತದೆ, ನೋಡಿರುತ್ತೀರಿ. ಅದೇ ಕೆಲಸ ನಿಮ್ಮ ಗ್ರೈಂಡರಿನ ಹಲ್ಲಿನ ಸಂದಿಯಲ್ಲಿ ಆಗಿದೆ. ಮೊದಲು ಎಣ್ಣೆ, ಅದರ ಮೇಲೆ ಚಿಕೋರಿ ಪಾಕ, ಅದರ ಮೇಲೆ ಮತ್ತೆ ಪುಡಿ.

ನಮ್ಮ ಅಂಗಡಿಯಲ್ಲಿ ದೊಡ್ಡ ಮಿಷನ್ ಇದ್ದರೂ ಚಿಕೋರಿ ತುಂಡು ಅದಕ್ಕೆ ಹಾಕುವುದಿಲ್ಲ. ಬೀಜ ಪುಡಿ ಮಾಡಿ, ಕೆಳಗೆ ಬಿದ್ದ ಮೇಲೆ ಚಿಕೋರಿ ಪುಡಿ ಸೇರಿಸಿ ಬೆರೆಸುತ್ತೇವೆ. ರಾತ್ರಿ ಮುಚ್ಚುವಾಗ ಮಿಷನ್ ಬಾಯಿಗೆ ಬ್ರಷ್ ಹಾಕುತ್ತೇವೆ. ಬೆಳಿಗ್ಗೆ ಒಂದು ಹಿಡಿ ಬೀಜ ಬಿಟ್ಟು ಮೊದಲು ಬಿದ್ದ ಪುಡಿಯನ್ನು ಯಾರಿಗೂ ಕೊಡುವುದಿಲ್ಲ. ನಮ್ಮ ತಂದೆಯ ಕಾಲದಿಂದ ಹೀಗೇ ನಡೆದಿದೆ.

ಬಿಸಿಲೂರು, ಕಲಬುರಗಿ:
ನಮ್ಮ ಕಡೆ ಚಹಾನೇ ಜಾಸ್ತಿ, ಆದರೂ ನನಗೆ ಫಿಲ್ಟರ್ ಕಾಫಿ ರುಚಿ ಹತ್ತಿಬಿಟ್ಟಿದೆ. ನನ್ನ ಹತ್ತಿರ ಗ್ರೈಂಡರ್ ಇಲ್ಲ, ಮಿಕ್ಸಿಯ ಸಣ್ಣ ಜಾರಿನಲ್ಲೇ ಮಾಡಿಕೊಳ್ಳುತ್ತೇನೆ. ಅದೇ ಜಾರಿನಲ್ಲಿ ಶೇಂಗಾ ಚಟ್ನಿ ಪುಡಿ, ಬೆಳ್ಳುಳ್ಳಿ ಖಾರ ಎಲ್ಲ ಆಗುತ್ತದೆ. ಎಷ್ಟು ತೊಳೆದರೂ ಕಾಫಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ನನಗೂ ಒಂದು ದಾರಿ ಹೇಳ್ರಿ.

ಮಿಕ್ಸಿ ರಿಪೇರಿ, ದಾವಣಗೆರೆ:
ಸಾರ್, ಬೆಳ್ಳುಳ್ಳಿ ವಾಸನೆ ಸ್ಟೀಲಿನಲ್ಲಿ ನಿಲ್ಲುವುದಿಲ್ಲ, ಮುಚ್ಚಳದ ರಬ್ಬರಿನಲ್ಲಿ ನಿಲ್ಲುತ್ತದೆ. ರಬ್ಬರ್ ಸುತ್ತನ್ನು ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದು ಮೂಸಿ ನೋಡಿ, ಗೊತ್ತಾಗುತ್ತದೆ. ಅಡುಗೆ ಸೋಡಾ ನೀರಲ್ಲಿ ಒಂದು ರಾತ್ರಿ ನೆನೆಸಿ, ತೊಳೆದು ಒಂದು ದಿನ ಗಾಳಿಗೆ ಇಡಿ. ಅದಕ್ಕೂ ಹೋಗದಿದ್ದರೆ ಹೊಸ ರಬ್ಬರ್ ಹಾಕಿಸಿ, ತುಂಬ ಕಡಿಮೆ ದುಡ್ಡು. ಆದರೆ ನನ್ನ ಸಲಹೆ ಕೇಳಿದರೆ, ನಿಮ್ಮ ಮಿಕ್ಸಿಗೆ ಹೊಂದುವ ಒಂದು ಸಣ್ಣ ಜಾರು ಬೇರೆ ತಗೊಂಡು ಕಾಫಿಗೇ ಮೀಸಲಿಡಿ. ಅದಕ್ಕೆ ನೀರೇ ಮುಟ್ಟಿಸಬೇಡಿ.

ಪುಡಿ ಮಾಡುವಾಗ ಒಂದೇ ಸಮ ತಿರುಗಿಸಬೇಡಿ. ಮಿಕ್ಸಿ ಬ್ಲೇಡ್ ನಿಮಿಷಕ್ಕೆ 18 ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಒಂದು ನಿಮಿಷ ಬಿಟ್ಟರೆ ಪುಡಿ ಮುಟ್ಟಲಾಗದಷ್ಟು ಬಿಸಿ, ಘಮ ಅಲ್ಲೇ ಹಾರಿಹೋಗುತ್ತದೆ. ಗುಂಡಿಯನ್ನು ಹಿಂದಕ್ಕೆ, ಅಂದರೆ ಪಲ್ಸ್ ಕಡೆ, ಮೂರು ನಾಲ್ಕು ಸೆಕೆಂಡ್ ಹಿಡಿಯಿರಿ, ಬಿಡಿ. ಜಾರನ್ನು ಒಮ್ಮೆ ಅಲ್ಲಾಡಿಸಿ, ಮತ್ತೆ ಹಿಡಿಯಿರಿ. ಏಳೆಂಟು ಸಲ ಸಾಕು. ಜರಡಿಯಲ್ಲಿ ಹಿಡಿದು ಮೇಲೆ ಉಳಿದ ತರಿಯನ್ನು ಮಾತ್ರ ಇನ್ನೊಮ್ಮೆ ಹಾಕಿ. ಮಿಕ್ಸಿ ತಟ್ಟನೆ ನಿಂತರೆ ಗಾಬರಿ ಬೇಡ, ಪ್ಲಗ್ ತೆಗೆದು ಐದು ಹತ್ತು ನಿಮಿಷ ಆರಲು ಬಿಟ್ಟು ಅಡಿಯಲ್ಲಿರುವ ಕೆಂಪು ಬಟನ್ ಒತ್ತಿ.

ಇನ್ನೊಂದು, ಕಲ್ಲುಪ್ಪು ಹಾಕಿ ತಿರುಗಿಸಿದರೆ ಬ್ಲೇಡ್ ಹರಿತ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆಗುವುದಿಲ್ಲ. ಉಪ್ಪಿನ ಪುಡಿ ಜಾರಿನ ಬುಶ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ಕೊಳವೆ, ಅದರ ಒಳಗೆ ಹೋಗಿ ತುಕ್ಕು ಹಿಡಿಯುತ್ತದೆ, ಆಮೇಲೆ ಅಡಿಯಿಂದ ಸೋರಲು ಶುರು.

ಬಿಸಿಲೂರು, ಕಲಬುರಗಿ:
ಭಾಳ ಉಪಕಾರ ಆಯಿತು ಅಣ್ಣ. ನಮ್ಮವ್ವ ಜಾರು ಒಣದಾಗಿ ಸ್ವಚ್ಛ ಮಾಡಲು ಚುರುಮುರಿ ಹಾಕಿ ತಿರುಗಿಸುತ್ತಾಳೆ. ಅದು ನಡೆಯುತ್ತದೇನು?

ಮಿಕ್ಸಿ ರಿಪೇರಿ, ದಾವಣಗೆರೆ:
ನಮ್ಮ ಊರಲ್ಲಿ ಮಂಡಕ್ಕಿ ಅನ್ನುತ್ತೇವೆ, ಮೈಸೂರಿನವರು ಪುರಿ ಅನ್ನುತ್ತಾರೆ. ಬ್ಲೇಡಿನ ಜಾರಿಗೆ ಧಾರಾಳವಾಗಿ ನಡೆಯುತ್ತದೆ. ಹಗುರ ಇರುತ್ತದೆ, ಜಿಡ್ಡು ಹೀರಿಕೊಳ್ಳುತ್ತದೆ. ಉಪ್ಪು ಖಾರ ಹಾಕದ ಮಂಡಕ್ಕಿ ಆಗಬೇಕು. ಒಣಗಿದ ಬ್ರೆಡ್ಡೂ ಆಗುತ್ತದೆ. ಬರ್ ಗ್ರೈಂಡರಿಗೆ ಮಾತ್ರ ಇದ್ಯಾವುದೂ ಬೇಡ.

ಈಗ ಮೈಸೂರಿನ ಮೇಡಂಗೆ ಹೇಳಿದ್ದು. ಮೊದಲು ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ತೆಗೆದು ಪಕ್ಕಕ್ಕಿಡಿ. ಮೇಲಿನ ಹಾಪರ್, ಅಂದರೆ ಬೀಜ ತುಂಬುವ ಬಟ್ಟಲು, ಅದರಲ್ಲಿರುವ ಬೀಜ ಸುರಿದುಕೊಳ್ಳಿ. ಹಾಪರನ್ನು ದಪ್ಪ ಪುಡಿ ಬರುವ ಕಡೆ ಪೂರ್ತಿ ತಿರುಗಿಸಿದರೆ ಹೆಚ್ಚಿನವು ಸಲೀಸಾಗಿ ಮೇಲೆದ್ದು ಬರುತ್ತವೆ. ಒಳಗೆ ಒಂದು ಉಂಗುರದ ಹಾಗಿರುವ ಬರ್ ಕಾಣುತ್ತದೆ, ಅದನ್ನೂ ಎತ್ತಿ ತೆಗೆಯಬಹುದು. ಎತ್ತುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಯಾವ ಕಿವಿ ಯಾವ ಗುರುತಿಗೆ ಕೂತಿತ್ತು ಅಂತ ಆಮೇಲೆ ಬೇಕಾಗುತ್ತದೆ. ಕೆಳಗೆ ಮೋಟರಿಗೆ ಸೇರಿಕೊಂಡ ಇನ್ನೊಂದು ಬರ್ ಇರುತ್ತದೆ, ಅದನ್ನು ಬಿಚ್ಚುವ ಗೋಜಿಗೆ ಹೋಗಬೇಡಿ.

ಬಣ್ಣ ಹೊಡೆಯುವ ಒಂದಿಂಚಿನ ಹೊಸ ಬ್ರಷ್ ಮತ್ತು ಒಂದು ಗಟ್ಟಿ ಹೊಸ ಹಲ್ಲುಜ್ಜುವ ಬ್ರಷ್ ಸಾಕು. ಸಂದಿಗೆ ಮರದ ಕಡ್ಡಿ. ಪಿನ್ನು, ಚಾಕು ಹಾಕಬೇಡಿ, ಹಲ್ಲಿನ ಅಂಚು ಹೋಗುತ್ತದೆ. ಬಾಯಿಂದ ಊದಬೇಡಿ, ಪುಡಿ ಕಣ್ಣಿಗೆ ಬರುತ್ತದೆ, ಎಂಜಲಿನ ತೇವವೂ ಒಳಗೆ ಹೋಗುತ್ತದೆ. ಕ್ಯಾಮೆರಾ ಊದುವ ರಬ್ಬರ್ ಬುರುಡೆ ಇದ್ದರೆ ಒಳ್ಳೆಯದು. ಹಾಪರ್ ಮತ್ತು ಪುಡಿ ಬೀಳುವ ಡಬ್ಬಿ ಪ್ಲಾಸ್ಟಿಕ್ ಆದ್ದರಿಂದ ಅವೆರಡನ್ನು ಸೋಪು ನೀರಲ್ಲಿ ತೊಳೆಯಬಹುದು. ಆದರೆ ಒಂದಿಡೀ ದಿನ ಒಣಗಿದ ಮೇಲೇ ಜೋಡಿಸಿ.

ಕೊನೆಗೆ ಬರ್ ಕೂರುವ ಜಾಗವನ್ನು ಬೆರಳಿನಿಂದ ಸುತ್ತ ಸವರಿ ನೋಡಿ. ಅಲ್ಲಿ ಸಾಸಿವೆಯಷ್ಟು ಪುಡಿ ಉಳಿದರೂ ಬರ್ ಓರೆಯಾಗಿ ಕೂರುತ್ತದೆ. ಆಗ ಒಂದು ಕಡೆ ನುಣ್ಣಗೆ, ಒಂದು ಕಡೆ ತರಿ ಬರುತ್ತದೆ.

ಕಡಲತೀರ, ಉಡುಪಿ:
ನೀರು ಬೇಡ ಅನ್ನುವುದಕ್ಕೆ ನಾನೇ ಸಾಕ್ಷಿ. ನಾನು ತೊಳೆದೆ. ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಇಟ್ಟು ಒಣಗಿತು ಅಂದುಕೊಂಡು ಜೋಡಿಸಿದೆ. ನಮ್ಮ ಊರಿನ ಮಳೆಗಾಲ ಗೊತ್ತಲ್ಲ, ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ. ಮೂರನೇ ದಿನ ತೆಗೆದರೆ ಹಲ್ಲಿನ ಮೇಲೆಲ್ಲ ಕೆಂಪು ಚುಕ್ಕೆ. ಒಣ ಬ್ರಷ್‌ನಲ್ಲಿ ತಿಕ್ಕಿ ತಿಕ್ಕಿ ತೆಗೆದೆ, ಆಮೇಲೆ ಎರಡು ಹಿಡಿ ಹಳೆ ಬೀಜ ಬಿಟ್ಟು ಆ ಪುಡಿಯನ್ನು ಗಿಡದ ಬುಡಕ್ಕೆ ಹಾಕಿದೆ. ಈಗ ಸರಿ ಇದೆ, ಆದರೆ ಆ ಹೊಳಪು ಹೋಯಿತು. ಮಳೆಗಾಲದಲ್ಲಿ ನಾನು ಹಾಪರಿನಲ್ಲಿ ಬೀಜವನ್ನೂ ಬಿಡುವುದಿಲ್ಲ. ಆ ಹೊತ್ತಿಗೆ ಬೇಕಾದಷ್ಟು ಅಳೆದು ಹಾಕುತ್ತೇನೆ. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಐದಕ್ಕೆ ಸದ್ದು ಮಾಡಿದರೆ ಕೆಳಗಿನ ಮನೆಯ ಪುಟ್ಟ ಮಗು ಏಳುತ್ತದೆ, ಹಾಗಾಗಿ ರಾತ್ರಿಯೇ ಪುಡಿ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಅಷ್ಟು ಹೊತ್ತಿನಲ್ಲಿ ಘಮ ಸ್ವಲ್ಪ ಕಮ್ಮಿ ಆಗುತ್ತದೆ, ಇಲ್ಲ ಅನ್ನುವುದಿಲ್ಲ.

ತೋಟದಮನೆ, ಮೂಡಿಗೆರೆ:
ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಕಲ್ಲು. ಪರಿಚಯದ ತೋಟದಿಂದ ಬೀಜ ತಂದು ಮನೆಯಲ್ಲೇ ಹುರಿಯುವವರು ಇದನ್ನು ಓದಲೇಬೇಕು. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದ ಚೆರಿ ಕಾಫಿಯಲ್ಲಿ ಸಣ್ಣ ಕಲ್ಲು ಬರುವುದು ಇದ್ದದ್ದೇ. ಹುರಿದ ಮೇಲೆ ಆ ಕಲ್ಲೂ ಕಪ್ಪಗಾಗಿ ಬೀಜದ ಹಾಗೇ ಕಾಣುತ್ತದೆ. ನಮ್ಮ ಮನೆಯಲ್ಲಿ ಹೆಸರುಕಾಳಿನಷ್ಟು ಕಲ್ಲೊಂದು ಗ್ರೈಂಡರಿಗೆ ಹೋಯಿತು. ಟಕ್ ಅಂತ ಒಂದು ಸದ್ದು, ಮೋಟರ್ ನಿಂತಿತು. ತೆಗೆದು ನೋಡಿದರೆ ಬರ್‌ನ ಎರಡು ಹಲ್ಲು ಮುಕ್ಕಾಗಿದ್ದವು. ಹೊಸ ಬರ್ ತರಿಸಲು ತಿಂಗಳು ಹಿಡಿಯಿತು.

ಅಂದಿನಿಂದ ನಮ್ಮಾಕೆ ಬೀಜವನ್ನು ಮೊರಕ್ಕೆ ಹಾಕಿ ಒಂದು ಸಲ ಕೇರಿ, ಆರಿಸಿಯೇ ಕೊಡುವುದು. ಕಲ್ಲು ಭಾರ ಅಲ್ವಾ, ಕೇರಿದಾಗ ಹಿಂದೆ ಉಳಿಯುತ್ತದೆ. ಬೀಜ ಹುರಿಯುವಾಗ ಬಿಡುವ ಬೆಳ್ಳಗಿನ ಸಿಪ್ಪೆಯೂ ಆಗಲೇ ಹಾರಿಹೋಗುತ್ತದೆ. ಹುರಿದ ದಿನವೇ ಪುಡಿ ಮಾಡಬೇಡಿ. ಒಳಗಿನ ಗ್ಯಾಸ್ ಹೋಗಲು ಮೂರು ನಾಲ್ಕು ದಿನವಾದರೂ ಬಿಡಿ.

ಶಿಕಾಗೊ ಕನ್ನಡತಿ:
ಎಲ್ಲರದ್ದೂ ಓದಿದೆ, ಊರಿನ ಅಡುಗೆಮನೆಗೆ ಹೋಗಿಬಂದ ಹಾಗಾಯಿತು. ನನ್ನ ತೊಂದರೆ ನಿಮ್ಮದಕ್ಕೆ ಉಲ್ಟಾ. ಇಲ್ಲಿ ಚಳಿಗಾಲದಲ್ಲಿ ದಿನವಿಡೀ ಹೀಟರ್ ಉರಿಯುತ್ತದೆ, ಗಾಳಿ ಒಣಗಿ ಒಣಗಿ ತುಟಿ ಒಡೆಯುತ್ತದೆ. ಗ್ರೈಂಡರಿನ ಡಬ್ಬಿ ಎಳೆದರೆ ಪುಡಿ ಜಿಗಿದು ಗೋಡೆಗೆ, ಕೈಗೆ, ಸ್ವೆಟರಿಗೆ ಅಂಟುತ್ತದೆ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಅದೇ ವಿದ್ಯುತ್ತು. ಅದಕ್ಕೆ ನಾನು ಮಾಡುವುದು ಇಷ್ಟೇ. ಚಮಚದ ಹಿಡಿಯನ್ನು ನೀರಲ್ಲಿ ಅದ್ದಿ, ಕೊಡವಿ, ಆ ಹಿಡಿಯಿಂದ ಬೀಜವನ್ನು ಒಮ್ಮೆ ಕಲಕಿ ತಕ್ಷಣ ಗ್ರೈಂಡರಿಗೆ ಹಾಕುತ್ತೇನೆ. 20 ಗ್ರಾಂ ಬೀಜಕ್ಕೆ ಒಂದು ಹನಿ, ಹೆಚ್ಚೆಂದರೆ ಎರಡು. ಪುಡಿ ಅಂಟುವುದು ನಿಂತೇಹೋಗುತ್ತದೆ. 2023ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದವರು ಇದನ್ನೇ ಅಳೆದು ನೋಡಿ, ನೀರಿನ ಹನಿ ಆ ವಿದ್ಯುತ್ತನ್ನು ತಗ್ಗಿಸುತ್ತದೆ ಅಂತ ತೋರಿಸಿದ್ದಾರೆ.

ಇನ್ನೊಂದು ಮಾತು ನೋವಿನಿಂದ ಹೇಳುತ್ತೇನೆ. ಅಮ್ಮನಿಗೆ ಅಂತ ಇಲ್ಲಿಂದ ಒಳ್ಳೆಯ ಗ್ರೈಂಡರ್ ಒಂದನ್ನು ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದೆ. ಪಿನ್ ಹೊಂದಲಿ ಅಂತ ಅಡಾಪ್ಟರ್ ಹಾಕಿ ಸ್ವಿಚ್ ಒತ್ತಿದೆ. ಗುಂಯ್ ಅಂತ ಜೋರಾಗಿ ತಿರುಗಿತು, ಸುಟ್ಟ ವಾಸನೆ ಬಂತು, ಮುಗಿಯಿತು. ಅಮೆರಿಕದ ಕರೆಂಟ್ 120 ವೋಲ್ಟ್, ನಮ್ಮದು 230. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟ್ ಬದಲಿಸುವುದಿಲ್ಲ. ಅಮ್ಮ ಪರವಾಗಿಲ್ಲ ಬಿಡೇ ಅಂದರು, ನನಗೆ ಮಾತ್ರ ಅಳು ಬಂತು. ತರುವವರು ಅಡಿಯಲ್ಲಿರುವ ಚೀಟಿ ಓದಿ ತನ್ನಿ.

ಮಿಕ್ಸಿ ರಿಪೇರಿ, ದಾವಣಗೆರೆ:
ಅಕ್ಕಾ, ನೀವು ಹೇಳಿದ್ದು ಎಲ್ಲರೂ ತಿಳಿಯಬೇಕಾದ್ದು. 120 ವೋಲ್ಟಿನದನ್ನು ಇಲ್ಲಿ ಬಳಸಲೇಬೇಕು ಅಂದರೆ ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಗ್ರೈಂಡರಿನ ವ್ಯಾಟ್‌ಗಿಂತ ಚೆನ್ನಾಗಿ ಜಾಸ್ತಿ ತಾಳುವುದು, ಮೋಟರ್ ಶುರುವಾಗುವಾಗ ಹೆಚ್ಚು ಎಳೆಯುತ್ತದೆ. ಅಷ್ಟು ಭಾರದ ಪೆಟ್ಟಿಗೆಯನ್ನು ಅಡುಗೆಕಟ್ಟೆಯ ಮೇಲೆ ಇಟ್ಟುಕೊಳ್ಳುವ ಬದಲು 230 ವೋಲ್ಟಿನದನ್ನೇ ಇಲ್ಲಿ ಕೊಳ್ಳುವುದು ಮೇಲು.

ಲೋಟತುಂಬ, ಮೈಸೂರು:
ಭಾನುವಾರ ಬಿಚ್ಚಿದೆ. ಹಳೆ ಪೇಪರ್ ಹಾಸಿಕೊಂಡು, ಫೋಟೊ ತೆಗೆದು, ಸರ್ ಹೇಳಿದ ಹಾಗೇ ಒಂದೊಂದೇ ಮಾಡಿದೆ. ಬರ್ ಉಂಗುರ ಮೊದಲು ಬರಲೇ ಇಲ್ಲ, ಅಂಟಿಕೊಂಡಿತ್ತು. ಎರಡು ಕಿವಿ ಹಿಡಿದು ಅತ್ತಿತ್ತ ಅಲ್ಲಾಡಿಸಿದ ಮೇಲೆ ಕಿರ್ ಅಂತ ಎದ್ದಿತು. ಒಳಗೆ ನೋಡಿ ನನಗೇ ನಂಬಲಾಗಲಿಲ್ಲ. ಹಲ್ಲಿನ ಸಂದಿಯಲ್ಲೆಲ್ಲ ಕಪ್ಪಗೆ, ಮೇಣದ ಹಾಗೆ ಮೆತ್ತಿಕೊಂಡಿತ್ತು. ಪುಡಿ ಬೀಳುವ ದಾರಿಯಲ್ಲಿ ಹುಣಸೆಬೀಜದಷ್ಟು ಗಟ್ಟಿ ಹೆಂಟೆ ಎರಡು. ಕಡ್ಡಿಯಿಂದ ಕುಟ್ಟಿ ಉದುರಿಸಿದೆ. ಅದನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುವುದಿಲ್ಲ, ಅಂಟುತ್ತದೆ. ಮೂಸಿ ನೋಡಿದೆ. ಅದೇ ವಾಸನೆ! ಮೂರು ತಿಂಗಳಿಂದ ಲೋಟದಲ್ಲಿ ಬರುತ್ತಿದ್ದದ್ದು ಅದೇ.

ಉಜ್ಜಿ ತೆಗೆದ ಪುಡಿಯೆಲ್ಲ ಪೇಪರಿನ ಮೇಲೆ ಎರಡು ಚಮಚ ಆಗಿತ್ತು. ಯಜಮಾನರನ್ನು ಕರೆದು ತೋರಿಸಿದೆ, ಇನ್ನು ಚಿಕೋರಿ ತುಂಡು ತರುವುದಿಲ್ಲ ಅಂದರು. ಜೋಡಿಸಿ, ಉಳಿದಿದ್ದ ಹಳೆ ಬೀಜ ಒಂದು ಹಿಡಿ ಬಿಟ್ಟು ಚೆಲ್ಲಿದೆ. ಆಮೇಲೆ ಹೊಸ ಬೀಜ. ಘಮ ಬಂತು. ನಿಜವಾಗಲೂ ಬಂತು.

ಆದರೆ ಈಗ ಇನ್ನೊಂದು ತೊಂದರೆ. ಪುಡಿಯ ನುಣುಪು ಹೊಂದಿಸುವ ನಂಬರ್ ಮೊದಲಿನ ಹಾಗೇ 12ರಲ್ಲೇ ಇಟ್ಟು ಪುಡಿ ಮಾಡಿದೆ, ಡಿಕಾಕ್ಷನ್ ಐದೇ ನಿಮಿಷಕ್ಕೆ ಸರಸರ ಇಳಿದುಬಿಟ್ಟಿತು. ಬಣ್ಣವೇ ಇಲ್ಲ, ನೀರು ನೀರು. ಜೋಡಿಸುವಾಗ ಏನಾದರೂ ತಪ್ಪು ಮಾಡಿದೆನಾ?

ಪುಡಿ ಅಂಗಡಿ, ಹಾಸನ:
ತಪ್ಪಿಲ್ಲ ಮೇಡಂ. ಎರಡು ಕಾರಣ. ಸಂದಿಯಲ್ಲಿ ಕೊಳೆ ಕೂತಿದ್ದಾಗ 12 ಅಂದರೆ ನಿಜಕ್ಕೂ ಇನ್ನೂ ನುಣ್ಣಗೆ ಬರುತ್ತಿತ್ತು. ಈಗ ಸಂದಿ ಸ್ವಚ್ಛ ಆಗಿದೆ, ಅದೇ ನಂಬರಿನಲ್ಲಿ ತರಿ ಬರುತ್ತಿದೆ. ಎರಡನೆಯದು, ಚಿಕೋರಿ ಬಿಟ್ಟಿದ್ದೀರಿ. ಚಿಕೋರಿ ಇದ್ದರೆ ಪುಡಿ ಉಬ್ಬಿ ನೀರನ್ನು ತಡೆದು ನಿಲ್ಲಿಸುತ್ತದೆ. ಬರೀ ಕಾಫಿ ಆದರೆ ನೀರು ಬೇಗ ಓಡುತ್ತದೆ.

ಒಂದೊಂದೇ ನಂಬರ್ ಇಳಿಸುತ್ತಾ ಬನ್ನಿ. ನುಣ್ಣನೆ ಕಡೆ ತಿರುಗಿಸುವಾಗ ಮೋಟರ್ ಓಡುತ್ತಿರಬೇಕು, ನಿಂತಿರುವಾಗ ತಿರುಗಿಸಿದರೆ ಮಧ್ಯೆ ಸಿಕ್ಕ ಬೀಜ ಜಾಮ್ ಆಗುತ್ತದೆ. ಪುಡಿ ಸರಿ ಇದೆಯಾ ಅಂತ ನೋಡಲು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ. ಚಿರೋಟಿ ರವೆಗಿಂತ ನುಣ್ಣಗಿರಬೇಕು, ಮೈದಾ ಥರ ಜಾರಬಾರದು. ಮೈದಾ ಥರ ಆದರೆ ಫಿಲ್ಟರಿನ ತೂತು ಕಟ್ಟಿಕೊಂಡು ಬೆಳಿಗ್ಗೆ ಹಾಕಿದ ನೀರು ಹತ್ತು ಗಂಟೆಗೂ ಮೇಲೇ ನಿಂತಿರುತ್ತದೆ. ಡಿಕಾಕ್ಷನ್ ಹನಿ ಹನಿಯಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿದರೆ ಹದ ಸರಿ ಅಂತ ತಿಳಿಯಿರಿ.

ಅಜ್ಜಿಮನೆ, ಸಾಗರ:
ಫಿಲ್ಟರಿನ ತೂತನ್ನೂ ನೋಡಿಕೋ ತಂಗಿ. ಅದರಲ್ಲೂ ಅದೇ ಜಿಡ್ಡು ಕೂರುತ್ತದೆ. ಸ್ಟೀಲಿನದಾದರೆ ಮೇಲಿನ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಒಲೆ ಉರಿಗೆ ಒಂದು ನಿಮಿಷ ತೋರಿಸು, ತೂತಿನಲ್ಲಿರುವುದು ಸುಟ್ಟು ಉದುರುತ್ತದೆ. ಆರಿದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆ. ಬೆಳಕಿಗೆ ಹಿಡಿದರೆ ಎಲ್ಲ ತೂತೂ ಕಾಣಬೇಕು.

ಲೋಟತುಂಬ, ಮೈಸೂರು:
ಅಮ್ಮಾ, ನೀವು ಹೇಳಿದ ಹಾಗೇ ಫಿಲ್ಟರ್ ಸುಟ್ಟು ತೊಳೆದೆ. ಬೆಳಕಿಗೆ ಹಿಡಿದರೆ ನಡುವಿನ ತೂತು ಮಾತ್ರ ತೆರೆದಿತ್ತು, ಸುತ್ತಲಿನದು ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಈಗ ಎಲ್ಲ ಕಾಣುತ್ತಿದೆ. ಗ್ರೈಂಡರನ್ನು 11, 10 ಅಂತ ಇಳಿಸಿ ಇವತ್ತು 9ಕ್ಕೆ ತಂದೆ. ಹದಿನೆಂಟು ನಿಮಿಷಕ್ಕೆ ಇಳಿಯಿತು. ಮೊದಲ ಡಿಕಾಕ್ಷನ್ ಕಪ್ಪಗೆ, ಮೇಲೆ ಸಣ್ಣ ಕೆಂಪು ನೊರೆ. ಮಾವನಿಗೆ ಕೊಟ್ಟು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಲೋಟ ಖಾಲಿ ಮಾಡಿ, ಇನ್ನರ್ಧ ಇದೆಯೇನಮ್ಮಾ ಅಂದರು.

ಎಲ್ಲರಿಗೂ ಮನಸಾರೆ ಧನ್ಯವಾದ. ವಾರಕ್ಕೊಮ್ಮೆ ಬ್ರಷ್, ತಿಂಗಳಿಗೊಮ್ಮೆ ಬಿಚ್ಚುವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅಷ್ಟು ಸಾಕಲ್ವಾ? ಮತ್ತೆ ಮಾವನಿಗೆ ಚಿಕೋರಿ ಇಲ್ಲದೆ ಪೂರ್ತಿ ಹಿಡಿಸುವುದಿಲ್ಲ, ಸ್ವಲ್ಪ ಬೇಕು ಅನ್ನುತ್ತಾರೆ. ಎಷ್ಟು ಹಾಕಲಿ?

ಪುಡಿ ಅಂಗಡಿ, ಹಾಸನ:
ನಿಮ್ಮದು ಕಪ್ಪಗೆ ಹುರಿದ ಬೀಜ ಆದ್ದರಿಂದ ಬ್ರಷ್ ವಾರಕ್ಕೆ ಎರಡು ಸಲ ಹಾಕಿ, ಉಳಿದದ್ದು ಸರಿ. ಚಿಕೋರಿ ಪುಡಿಯನ್ನು ನಿಮ್ಮ ಕಾಫಿ ಅಂಗಡಿಯಲ್ಲೇ ಬಿಡಿಯಾಗಿ ನೂರು ಗ್ರಾಂ ಕೇಳಿ, ಕೊಡುತ್ತಾರೆ. ಬಿಗಿ ಮುಚ್ಚಳದ ಸಣ್ಣ ಗಾಜಿನ ಬಾಟಲಿಯಲ್ಲಿ ಹಾಕಿಡಿ, ಒಣ ಚಮಚವನ್ನೇ ಬಳಸಿ. ಗ್ರೈಂಡರಿನಿಂದ ಬಿದ್ದ ನಾಲ್ಕು ಚಮಚ ಕಾಫಿ ಪುಡಿಗೆ ಒಂದು ಚಮಚ ಚಿಕೋರಿ, ಅಂದರೆ ಸುಮಾರು 80:20. ಫಿಲ್ಟರಿಗೆ ಹಾಕುವ ಮೊದಲು ಬಟ್ಟಲಲ್ಲೇ ಬೆರೆಸಿ. ಚಿಕೋರಿ ಸೇರಿದ ಮೇಲೆ ಇಳಿಯುವುದು ಮತ್ತೆ ನಿಧಾನ ಆಗುತ್ತದೆ, ಆಗ 9ರಿಂದ 10ಕ್ಕೆ ಏರಿಸಿಕೊಳ್ಳಿ.